18 ಸಾವಿರದ ಫೋನು, 28 ದಿನದ ರೀಚಾರ್ಜು: ಮೊದಲು ಯಾವುದನ್ನು ನೋಡಬೇಕು?

ನೀವು ಕೇಳಿರುವುದು ಇಷ್ಟು: ಮನೆ ಬೆಂಗಳೂರಿನ ವಿಜಯನಗರ, ಕೆಲಸ ವೈಟ್‌ಫೀಲ್ಡ್, ಓಡಾಟ ಮೆಟ್ರೋದಲ್ಲಿ. ನಾಲ್ಕು ವರ್ಷದ ಫೋನು ಮಧ್ಯಾಹ್ನಕ್ಕೇ ಚಾರ್ಜ್ ಕೇಳುತ್ತಿದೆ, 18 ಸಾವಿರದೊಳಗೆ ಹೊಸದು ಬೇಕು. ನಿಮ್ಮ ಜಿಯೋ ನಂಬರಿಗೆ 349, ಅಮ್ಮನ ಜಿಯೋ ನಂಬರಿಗೆ 299 ರೀಚಾರ್ಜ್ ಹಾಕಿ ಹಾಕಿ ಸಾಕಾಗಿದೆ. ಮನೆಯಲ್ಲಿ ವೈಫೈ ಇದೆ. ಯಾವ ಫೋನು ತಗೊಳ್ಳಲಿ, ಪೋರ್ಟ್ ಮಾಡಿಸಲೇ (ಅದೇ ನಂಬರಿನಲ್ಲಿ ಬೇರೆ ಕಂಪನಿಗೆ ಹೋಗಲೇ)?

ಫೋನನ್ನು ಸ್ವಲ್ಪ ಪಕ್ಕಕ್ಕಿಡಿ. ಈ ಪ್ಲಾನ್‌ಗಳ ತಿಂಗಳು 28 ದಿನದ್ದು, ಹಾಗಾಗಿ ವರ್ಷಕ್ಕೆ 12 ಸಲ ಅಲ್ಲ, 13 ಸಲ ದುಡ್ಡು ಹೋಗುತ್ತದೆ. 349ರಂತೆ 4,537, ಅಮ್ಮನದು 299ರಂತೆ 3,887. ಎರಡೂ ಸೇರಿ ವರ್ಷಕ್ಕೆ 8,424, ಮೂರು ವರ್ಷಕ್ಕೆ 25,272. ಹೊಸ ಫೋನನ್ನು ಮೂರು ವರ್ಷ ಬಳಸುತ್ತೀರಿ ಅಂದುಕೊಂಡರೆ, ಅದರ ಬೆಲೆಗಿಂತ ರೀಚಾರ್ಜಿನ ಖರ್ಚೇ ಜಾಸ್ತಿ. ಉಳಿಸಲು ಜಾಗ ಇರುವುದು ಅಲ್ಲೇ.

ಮೊದಲು ಅಮ್ಮನ ನಂಬರು, ಏಕೆಂದರೆ ಅದು ಸುಲಭ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಮೂರೂ ದರ ಏರಿಸಿದವು. ಅಮ್ಮನ 299 ಅದಕ್ಕೂ ಮುಂಚೆ 239 ಇತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ತಿದ್ದಿ, ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದಿತು. ಅಂಥ ಪ್ಯಾಕಿನ ಗರಿಷ್ಠ ಅವಧಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. ಹಾಗೆ 2025ರಲ್ಲಿ ಬಂದವು ಜಿಯೋದ 448 (84 ದಿನ) ಮತ್ತು 1,748 (336 ದಿನ), ಏರ್‌ಟೆಲ್‌ನ 469 (84 ದಿನ) ಮತ್ತು 1,849 (365 ದಿನ). ಅಮ್ಮ ವಾಟ್ಸ್ಆ್ಯಪ್, ಯೂಟ್ಯೂಬ್ ಎಲ್ಲ ಮನೆಯ ವೈಫೈನಲ್ಲೇ ನೋಡುವುದಾದರೆ ಜಿಯೋದ 1,748 ಸಾಕು. ದಿನದ ಲೆಕ್ಕ ಹಾಕಿ: 299ರಲ್ಲಿ 10 ರೂಪಾಯಿ 68 ಪೈಸೆ, ಇದರಲ್ಲಿ 5 ರೂಪಾಯಿ 20 ಪೈಸೆ. ಅರ್ಧಕ್ಕರ್ಧ. ಇವು ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದಿಲ್ಲ, ಪ್ಲಾನ್ ಪಟ್ಟಿಯಲ್ಲಿ ಕೆಳಗೆ ಹೋಗಿ ಹುಡುಕಬೇಕು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ತೊಡಕು ಇಲ್ಲದಿಲ್ಲ. ಅಮ್ಮ ಹೊರಗೆ ಹೋಗಿ ಸೊಪ್ಪಿನವರಿಗೆ ಫೋನ್‌ಪೇ ಮಾಡಬೇಕು, ಆಟೋ ಬುಕ್ ಮಾಡಬೇಕು ಅಂದರೆ ಈ ಪ್ಯಾಕಿನಲ್ಲಿ ಆಗದು. ಹಾಗಿದ್ದರೆ ನಡುವಿನ ದಾರಿ ವರ್ಷಕ್ಕೊಂದಿಷ್ಟು ಡೇಟಾ ಕೊಡುವ ಪ್ಲಾನ್. ಏರ್‌ಟೆಲ್‌ನ 2,249ರಲ್ಲಿ 365 ದಿನ ಕರೆ ಮತ್ತು ಒಟ್ಟು 30 ಜಿಬಿ ಸಿಗುತ್ತದೆ, ಅಂದರೆ ತಿಂಗಳಿಗೆ ಎರಡೂವರೆ ಜಿಬಿ (ಇದಕ್ಕೆ ಜಿಯೋದಿಂದ ಪೋರ್ಟ್ ಆಗಬೇಕು). ಯುಪಿಐ, ಮ್ಯಾಪ್, ಮೆಸೇಜಿಗೆ ಧಾರಾಳವಾಯಿತು. ಆದರೆ ಫೋಟೋ ಬ್ಯಾಕಪ್, ಪ್ಲೇ ಸ್ಟೋರ್ ಅಪ್‌ಡೇಟ್, ವಾಟ್ಸ್ಆ್ಯಪ್‌ನ ಆಟೋ ಡೌನ್‌ಲೋಡ್ ಮೂರನ್ನೂ "ವೈಫೈನಲ್ಲಿ ಮಾತ್ರ" ಮಾಡಿಡದಿದ್ದರೆ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳೇ ಅದನ್ನು ತಿಂದುಹಾಕುತ್ತವೆ.

ಇನ್ನು ನಿಮ್ಮದು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ಸಿಮ್, ಅದರಲ್ಲಿ ಆ್ಯಪ್ ಡೇಟಾ ಬಳಕೆ ತೆರೆದು ಕಳೆದ ತಿಂಗಳ ಒಟ್ಟು ಸಂಖ್ಯೆ ನೋಡಿ. 349ರಲ್ಲಿ ದಿನಕ್ಕೆ 2 ಜಿಬಿಯಂತೆ 56 ಜಿಬಿ ಕೊಂಡಿರುತ್ತೀರಿ. ಮನೆಯಲ್ಲೂ ಆಫೀಸಿನಲ್ಲೂ ವೈಫೈ ಇರುವವರ ಬಳಕೆ ಸಾಮಾನ್ಯವಾಗಿ ಇದರ ಹತ್ತಿರವೂ ಬರುವುದಿಲ್ಲ. ಹಾಗಾದರೆ ಮೇಲೆ ಹೇಳಿದ 30 ಜಿಬಿ ಥರದ್ದೇ ನಿಮಗೂ ಸಾಕಾಗಬಹುದು. ಮೆಟ್ರೋದಲ್ಲಿ ದಿನವೂ ವಿಡಿಯೋ ನೋಡುವವರಾದರೆ ದಿನಕ್ಕೆ 2 ಜಿಬಿ ಪ್ಲಾನೇ ಇರಲಿ, ಆದರೆ 28 ದಿನದ್ದು ಬೇಡ. ಜಿಯೋದ 899 ಪ್ಲಾನ್ 90 ದಿನಕ್ಕೆ ಅದೇ 2 ಜಿಬಿ ಕೊಡುತ್ತದೆ. ನಾಲ್ಕು ಸಲ ಹಾಕಿದರೆ 360 ದಿನಕ್ಕೆ 3,596. ವರ್ಷದ ಪ್ಲಾನ್ 3,599, ದಿನಕ್ಕೆ 2.5 ಜಿಬಿ, 365 ದಿನ. ಎರಡರಲ್ಲೂ 4,537ಕ್ಕಿಂತ ಸುಮಾರು 940 ರೂಪಾಯಿ ಕಡಿಮೆ. ನೆಟ್‌ವರ್ಕ್ ಮೇಲೆ ಇನ್ನೂ ನಂಬಿಕೆ ಬಂದಿಲ್ಲ ಅನ್ನುವವರು 899ನ್ನು ಹಾಕುವುದು ಒಳ್ಳೆಯದು, ಏಕೆಂದರೆ ಪೋರ್ಟ್ ಮಾಡಿದರೆ ಉಳಿದ ದಿನಗಳ ದುಡ್ಡು ವಾಪಸ್ ಬರುವುದಿಲ್ಲ.

ಅನಿಯಮಿತ 5ಜಿ ಬಗ್ಗೆ ಒಂದು ಮಾತು. ಜಿಯೋ, ಏರ್‌ಟೆಲ್ ಎರಡರಲ್ಲೂ 2024ರ ದರ ಏರಿಕೆಯ ನಂತರ ಅದು ದಿನಕ್ಕೆ 2 ಜಿಬಿ ಅಥವಾ ಮೇಲಿನ ಪ್ಲಾನ್‌ಗಳಿಗೆ. ಮನೆಯೊಳಗೆ ಹೋದಾಗ ಫೋನು 4ಜಿಗೆ ಇಳಿದರೆ ಆ ಹೊತ್ತಿನ ಬಳಕೆ ದಿನದ 2 ಜಿಬಿಯಿಂದಲೇ ಕಡಿತ. "ಅನ್‌ಲಿಮಿಟೆಡ್ ಇದ್ದರೂ ಡೇಟಾ ಮುಗಿಯಿತು" ಅನ್ನುವ ದೂರುಗಳಲ್ಲಿ ಬಹಳಷ್ಟು ಇದೇ.

ಪೋಸ್ಟ್‌ಪೇಯ್ಡ್ ಜಾಹೀರಾತಿನ ಬೆಲೆಗೆ 18% ಜಿಎಸ್‌ಟಿ ಸೇರಿಸಿ ನೋಡಿ: 449 ಅಂದರೆ ಬಿಲ್ಲಿನಲ್ಲಿ 529.82. ಪ್ರೀಪೇಯ್ಡ್‌ನಲ್ಲಿ ತೆರಿಗೆ ಒಳಗೇ ಇರುತ್ತದೆ. ರೀಚಾರ್ಜನ್ನು ಕಂಪನಿಯ ಸ್ವಂತ ಆ್ಯಪ್‌ನಲ್ಲೇ ಮಾಡಿದರೆ ಬೇರೆ ಪಾವತಿ ಆ್ಯಪ್‌ಗಳು ಹಾಕುವ ಪ್ಲಾಟ್‌ಫಾರ್ಮ್ ಶುಲ್ಕ ಉಳಿಯುತ್ತದೆ. ಮೇಲಿನ ಬೆಲೆಗಳೆಲ್ಲ 2025ರವು. ದುಡ್ಡು ಹಾಕುವ ಮುನ್ನ ಟ್ರಾಯ್‌ನ ದರ ಹೋಲಿಕೆ ಜಾಲತಾಣದಲ್ಲಿ ಕರ್ನಾಟಕ ಸರ್ಕಲ್ (ಟೆಲಿಕಾಂ ವಲಯ) ಆರಿಸಿ ಒಮ್ಮೆ ತಾಳೆ ನೋಡಿ.

ಪೋರ್ಟ್ ಮಾಡಬೇಕೋ ಬೇಡವೋ ಅನ್ನುವುದನ್ನು ಪಕ್ಕದ ಮನೆಯವರನ್ನು ಕೇಳಿ ತೀರ್ಮಾನಿಸಬೇಡಿ. ಈ ಊರಿನಲ್ಲಿ ಒಂದೇ ರಸ್ತೆಯ ಎರಡು ಮನೆಗಳಲ್ಲಿ ಸಿಗ್ನಲ್ ಬೇರೆ ಬೇರೆ. 30×40 ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ನಾಲ್ಕು ಮಹಡಿ ಕಟ್ಟಿದರೆ ನೆಲಮಹಡಿಯ ಒಳಕೋಣೆಗೆ ಏನು ತಲುಪೀತು? ಎರಡನೇ ಸಿಮ್ ಜಾಗದಲ್ಲಿ ಇನ್ನೊಂದು ಕಂಪನಿಯ ಪ್ರೀಪೇಯ್ಡ್ ಸಿಮ್ ಹಾಕಿ, ಡೇಟಾ ಇರುವ ಚಿಕ್ಕ ಅವಧಿಯ ಪ್ಯಾಕ್ ತುಂಬಿಸಿ, ಎರಡು ವಾರ ಪರೀಕ್ಷಿಸಿ. ಸಿಗ್ನಲ್ ಗೆರೆಗಳನ್ನು ಎಣಿಸಬೇಡಿ. ಸೆಟ್ಟಿಂಗ್ಸ್‌ನ "ಫೋನ್ ಬಗ್ಗೆ" ಭಾಗದಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ತೋರಿಸುವ ಡಿಬಿಎಂ ಸಂಖ್ಯೆ ಕಾಣುತ್ತದೆ. 4ಜಿಯಲ್ಲಿ -95ರ ಆಸುಪಾಸು ಇದ್ದರೆ ಚೆನ್ನಾಗಿದೆ; -110ಕ್ಕಿಂತ ಕೆಳಗಿಳಿದರೆ ಕರೆ ಕಡಿಯುವುದು, ಬ್ಯಾಟರಿ ಬೇಗ ಖಾಲಿಯಾಗುವುದು ಎರಡೂ ಶುರು. ನೋಡಬೇಕಾದ ಜಾಗಗಳು: ಮಲಗುವ ಕೋಣೆ, ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗ್, ನೇರಳೆ ಮಾರ್ಗದಲ್ಲಿ ಸಿಟಿ ರೈಲ್ವೆ ಸ್ಟೇಷನ್‌ನಿಂದ ಕಬ್ಬನ್ ಪಾರ್ಕ್‌ವರೆಗಿನ ಸುರಂಗ. ಹೊತ್ತು: ರಾತ್ರಿ 8ರಿಂದ 10. ಪಿಜಿಗಳು ತುಂಬಿರುವ ಬಡಾವಣೆಗಳಲ್ಲಿ ಆಗ ಸಿಗ್ನಲ್ ಪೂರ್ತಿ ತೋರಿಸಿದರೂ ವೇಗ ಇರುವುದಿಲ್ಲ. ಅದು ಟವರ್ ದೂರ ಇರುವುದರಿಂದಲ್ಲ, ಒಂದೇ ಟವರನ್ನು ಎಲ್ಲರೂ ಒಟ್ಟಿಗೆ ಹಂಚಿಕೊಳ್ಳುವುದರಿಂದ.

ತೊಂದರೆ ಮನೆಯೊಳಗೆ ಮಾತ್ರವಾದರೆ ಪೋರ್ಟ್ ಬೇಕಾಗಿಯೇ ಇಲ್ಲ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಕರೆ ಟವರ್ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ಜಿಯೋ, ಏರ್‌ಟೆಲ್ ಎರಡರಲ್ಲೂ ಬೇರೆ ಶುಲ್ಕವಿಲ್ಲ.

ಆದರೂ ಮಾಡುವುದಾದರೆ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿ ನಂಬರ್ ಹಾಕಿ 1900ಕ್ಕೆ ಎಸ್ಎಂಎಸ್ ಕಳಿಸಿ. ಎಂಟು ಅಕ್ಷರ-ಅಂಕೆಗಳ ಯುಪಿಸಿ ಕೋಡ್ ಬರುತ್ತದೆ, ನಾಲ್ಕು ದಿನ ಊರ್ಜಿತ. ಅದನ್ನೂ ಆಧಾರನ್ನೂ ಹಿಡಿದು ಹೊಸ ಕಂಪನಿಯ ಮಳಿಗೆಗೆ ಹೋದರೆ ಸಿಮ್ ಕೊಡುತ್ತಾರೆ. ಸರ್ಕಲ್ ಒಳಗಾದರೆ ಮೂರು ಕೆಲಸದ ದಿನ. ಅಲ್ಲಿಯತನಕ ಹಳೆಯ ಸಿಮ್ ನಡೆಯುತ್ತದೆ. ಕೋಡ್ ಬರಲಿಲ್ಲ ಅಂದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು: ಕನೆಕ್ಷನ್ ತೆಗೆದುಕೊಂಡು 90 ದಿನ ಆಗಿಲ್ಲ, ಕಳೆದ ಏಳು ದಿನದಲ್ಲಿ ಸಿಮ್ ಬದಲಾಯಿಸಿದ್ದೀರಿ (2024ರ ಜುಲೈ 1ರಿಂದ ಬಂದ ನಿಯಮ), ಅಥವಾ ಪೋಸ್ಟ್‌ಪೇಯ್ಡ್ ಬಾಕಿ ಇದೆ. ನಂಬರು ತಂದೆಯವರ ಹೆಸರಿನಲ್ಲಿದ್ದರೆ ಮೊದಲು ಹೆಸರು ವರ್ಗಾವಣೆ, ಆಮೇಲೆ ಪೋರ್ಟ್. ಕೋಡ್ ತೆಗೆದುಕೊಂಡ ಮೇಲೆ ಈಗಿನ ಕಂಪನಿಯಿಂದ ರಿಯಾಯಿತಿಯ ಕರೆ ಬರುವುದುಂಟು. ಒಳ್ಳೆಯ ದರ ಕೊಟ್ಟರೆ ಒಪ್ಪಿಕೊಳ್ಳಿ, ಆದರೆ ಬಾಯಿಮಾತಲ್ಲ, ಎಸ್ಎಂಎಸ್‌ನಲ್ಲಿ ಬರಲಿ. ಸಿಮ್ ಬದಲಾಗುವ ದಿನ ಮತ್ತು ಮರುದಿನ ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬೇಡಿ. ಓಟಿಪಿ ತಡವಾಗಬಹುದು, ಯುಪಿಐ ಆ್ಯಪ್‌ಗಳೂ ನಂಬರನ್ನು ಮತ್ತೆ ಪರಿಶೀಲಿಸುತ್ತವೆ.

ಈಗ ಫೋನು. ಮೊದಲ ಪ್ರಶ್ನೆ, ಹೊಸದೇ ಬೇಕಾ? ಬ್ಯಾಟರಿ ಒಂದೇ ಕೆಟ್ಟಿದ್ದು ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿದ್ದರೆ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಬ್ಯಾಟರಿ ಬೆಲೆ ಕೇಳಿ. ಎಸ್‌ಪಿ ರಸ್ತೆಯಲ್ಲಿ ಕಡಿಮೆಗೆ ಹಾಕಿಕೊಡುತ್ತಾರೆ ನಿಜ, ಆದರೆ ಕಾಪಿ ಬ್ಯಾಟರಿ ಬಂದರೆ ಆರು ತಿಂಗಳಿಗೆ ಉಬ್ಬಿ ಹಿಂಬದಿ ಎದ್ದು ನಿಲ್ಲಬಹುದು. ಅಪ್‌ಡೇಟ್ ನಿಂತು ವರ್ಷವಾಗಿದ್ದರೆ ಬ್ಯಾಂಕ್ ಆ್ಯಪ್ ಇರುವ ಫೋನಿಗೆ ಖರ್ಚು ಮಾಡಬೇಡಿ.

ಹೊಸದಾದರೆ ಕ್ಯಾಮೆರಾ ಮೆಗಾಪಿಕ್ಸೆಲ್‌ಗಿಂತ ಮೊದಲು ಬ್ಯಾಂಡ್ ಪಟ್ಟಿ, ಅಂದರೆ ಫೋನು ಹಿಡಿಯಬಲ್ಲ ತರಂಗಾಂತರಗಳ ಪಟ್ಟಿ, ಓದಿ. 4ಜಿಯಲ್ಲಿ 1, 3, 5, 8, 40, 41 ಇರಲಿ. ಬಿಎಸ್ಎನ್ಎಲ್ ಯೋಚನೆ ಇದ್ದರೆ 28 ಕೂಡ. 5ಜಿಯಲ್ಲಿ ಎನ್78 ಮತ್ತು ಎನ್28 ಕಡ್ಡಾಯ. ಎನ್28 ಅಂದರೆ ಜಿಯೋದ 700 ಮೆಗಾಹರ್ಟ್ಸ್, ಸಿಗ್ನಲ್ ಗೋಡೆ ದಾಟಿ ಒಳಗೆ ಬರುವುದು ಅದರಿಂದ. ಇನ್ನೊಂದು, ಜಿಯೋ 5ಜಿ 4ಜಿಯ ಆಸರೆ ಇಲ್ಲದೆ ತಾನೇ ನಡೆಯುವ ಎಸ್ಎ ಮಾದರಿಯದು, ಏರ್‌ಟೆಲ್ ಮುಖ್ಯವಾಗಿ 4ಜಿಯನ್ನು ಆಧರಿಸಿದ ಎನ್ಎಸ್ಎ ಮೇಲೆ ಶುರುಮಾಡಿದ್ದು. ಎರಡೂ ಬೆಂಬಲಿಸುವ ಫೋನೇ ಬೇಕು. 2024ರ ಕೊನೆಗೆ ಬಂದ ರೆಡ್ಮಿ ಎ4 5ಜಿ ಎಸ್ಎ ಮಾತ್ರ ಬೆಂಬಲಿಸುತ್ತಿತ್ತು, ಏರ್‌ಟೆಲ್‌ನ ಎನ್ಎಸ್ಎ 5ಜಿ ಅದರಲ್ಲಿ ಬರುತ್ತಿರಲಿಲ್ಲ. ಡಬ್ಬಿಯ ಮೇಲೆ 5ಜಿ ಅಂತ ಇದ್ದಮಾತ್ರಕ್ಕೆ ಆಗಲಿಲ್ಲ. ಇದನ್ನು ನೋಡದೆ ತಗೊಂಡರೆ ಮುಂದೆ ಅಗ್ಗದ ಪ್ಲಾನ್ ಕಂಡರೂ ಬದಲಾಯಿಸಲು ಕೈ ಕಟ್ಟಿದಂತೆ.

ಎರಡನೆಯದು ಸ್ಟೋರೇಜ್. ಕನಿಷ್ಠ 6 ಜಿಬಿ ರ‍್ಯಾಮ್, 128 ಜಿಬಿ, ಅದೂ ಯುಎಫ್ಎಸ್ (ವೇಗದ ಸ್ಟೋರೇಜ್ ಚಿಪ್) 2.2 ಅಥವಾ ಮೇಲಿನದು. ಹಳೆಯ, ನಿಧಾನದ ಇಎಂಎಂಸಿ ಚಿಪ್ ಹಾಕಿದ ಫೋನು ಮೊದಲ ವಾರ ಚುರುಕಾಗಿರುತ್ತದೆ, ಮುಕ್ಕಾಲು ತುಂಬಿದ ಮೇಲೆ ತಡವರಿಸುತ್ತದೆ. "12 ಜಿಬಿ ರ‍್ಯಾಮ್" ಎಂದು ದೊಡ್ಡದಾಗಿ ಬರೆದು ಕೆಳಗೆ 6+6 ಎಂದಿದ್ದರೆ ಎರಡನೇ 6 ಸ್ಟೋರೇಜಿನಿಂದ ಎರವಲು, ಲೆಕ್ಕಕ್ಕಿಲ್ಲ. ಮೂರನೆಯದು ಅಪ್‌ಡೇಟ್ ವಾಗ್ದಾನ. ಸ್ಯಾಮ್‌ಸಂಗ್ ಎ16 5ಜಿಗೆ ಆರು ವರ್ಷ ಕೊಟ್ಟಿದೆ. ಅದರ ಪ್ರೊಸೆಸರ್ ಸಾಧಾರಣ, ಆಟ ಆಡದವರಿಗೆ ಸಾಕು. ವೇಗ ಬೇಕೆಂದರೆ ಡೈಮೆನ್ಸಿಟಿ 7300 ಪ್ರೊಸೆಸರ್ ಇರುವ ಫೋನು ಹುಡುಕಿ, ಆದರೆ ಅಪ್‌ಡೇಟ್ ಎಷ್ಟು ವರ್ಷ ಅಂತ ಬರಹದಲ್ಲಿ ನೋಡಿ. 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಎಣಿಕೆಗಷ್ಟೇ. ಕೈ ನಡುಕ ಸರಿದೂಗಿಸಲು ಲೆನ್ಸನ್ನೇ ಅಲುಗಿಸುವ ಓಐಎಸ್ ಇದ್ದರೆ ಸಂಜೆಯ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಅಂಥ ಫೋನನ್ನು ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಬೇಡಿ. ಎಂಜಿನ್ ಕಂಪನದಿಂದ ಆ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ 2021ರಲ್ಲೇ ಐಫೋನ್ ಬಗ್ಗೆ ಎಚ್ಚರಿಸಿದೆ, ನಮ್ಮ ರಸ್ತೆಗಳ ಗುಂಡಿ ಬೇರೆ.

ಅಮೆರಿಕದ ಸಂಬಂಧಿಕರು ಐಫೋನ್ ತಂದುಕೊಡುತ್ತೇನೆ ಅಂದರೆ, 14ರಿಂದ ಈಚೆಗೆ ಅಲ್ಲಿನ ಮಾದರಿಗಳಲ್ಲಿ ಸಿಮ್ ಟ್ರೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಮಾತ್ರ. ಒಂದೇ ಕಂಪನಿಯ ಸಿಮ್‌ಗೆ ಕಟ್ಟಿಹಾಕುವ ಕ್ಯಾರಿಯರ್ ಲಾಕ್ ಇದೆಯೇ ಎಂದೂ ಕೇಳಿಕೊಳ್ಳಿ.

"ನೋ ಕಾಸ್ಟ್ ಇಎಂಐ" ಪೂರ್ತಿ ಬಿಟ್ಟಿ ಅಲ್ಲ. ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮದೇ, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕವೂ ಇರುತ್ತದೆ. ಪೂರ್ತಿ ಪಾವತಿಗೆ ಸಿಗುವ ಕಾರ್ಡ್ ರಿಯಾಯಿತಿ ಜೊತೆ ಹೋಲಿಸಿ. ಆನ್‌ಲೈನ್ ಬೆಲೆ ತೋರಿಸಿದರೆ ಜಯನಗರ 4ನೇ ಬ್ಲಾಕಿನಂಥ ಕಡೆ ಅಂಗಡಿಯವರು ಹತ್ತಿರಕ್ಕೆ ಇಳಿಯುತ್ತಾರೆ. ಬದಲಿಗೆ ಇನ್ಶೂರೆನ್ಸ್, ಸ್ಕ್ರೀನ್ ಗಾರ್ಡ್ ತಳ್ಳಲು ನೋಡುತ್ತಾರೆ, ಬೇಡವೆಂದರೆ ಆಯಿತು. ಜಿಎಸ್‌ಟಿ ಬಿಲ್ಲಿನಲ್ಲಿ ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಇರಬೇಕು. *#06# ಒತ್ತಿ ಬರುವ ಸಂಖ್ಯೆ, ಡಬ್ಬಿ, ಬಿಲ್ಲು ಮೂರೂ ಹೊಂದಬೇಕು. ಸೆಕೆಂಡ್ ಹ್ಯಾಂಡ್ ಆದರೆ ದುಡ್ಡು ಕೊಡುವ ಮುನ್ನ ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಅದೇ ಸಂಖ್ಯೆ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿ; ಬ್ಲ್ಯಾಕ್‌ಲಿಸ್ಟ್ ಆಗಿದ್ದರೆ ಉತ್ತರದಲ್ಲಿ ಗೊತ್ತಾಗುತ್ತದೆ. ಮಾರುವವರು ನಿಮ್ಮ ಎದುರೇ ತಮ್ಮ ಗೂಗಲ್ ಖಾತೆ ತೆಗೆದು ರೀಸೆಟ್ ಮಾಡಲಿ, ಇಲ್ಲವಾದರೆ ಮನೆಗೆ ಬಂದ ಮೇಲೆ ಅವರ ಪಾಸ್‌ವರ್ಡ್ ಕೇಳುತ್ತಾ ಫೋನು ಅಲ್ಲೇ ನಿಂತುಬಿಡುತ್ತದೆ.