ಪದ ಪ್ರಶ್ನೆ: ‘ಚಾರ್ಜ್’ ಪಕ್ಕದಲ್ಲಿ ಯಾರಿದ್ದಾರೆ ನೋಡಿ

ಪ್ರಶ್ನೆ: ಇಂಗ್ಲಿಷಿನಲ್ಲಿ ಹಣ ಕೇಳಿದರೂ ಚಾರ್ಜ್, ಆರೋಪ ಹೊರಿಸಿದರೂ ಚಾರ್ಜ್, ಬ್ಯಾಟರಿಗೂ ಚಾರ್ಜ್. ಓದುವಾಗ ಹೇಗೋ ಅರ್ಥವಾಗುತ್ತದೆ, ಬರೆಯುವಾಗ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ಚಾರ್ಜನ್ನು ಒಂಟಿಯಾಗಿ ಕಲಿಯಬೇಡಿ. ಅದರ ಬೆನ್ನಿಗೆ ಬರುವ ಪುಟ್ಟ ಪದವೇ ಅರ್ಥ ತೀರ್ಮಾನಿಸುತ್ತದೆ. ‘ದೇ ಚಾರ್ಜ್ಡ್ ಹಿಮ್ ಫಾರ್ ದ ಬುಕ್’ ಎಂದರೆ ಪುಸ್ತಕಕ್ಕೆ ಅವನಿಂದ ಹಣ ತೆಗೆದುಕೊಂಡರು. ‘ದೇ ಚಾರ್ಜ್ಡ್ ಹಿಮ್ ವಿತ್ ಥೆಫ್ಟ್’ ಎಂದರೆ ಅವನ ಮೇಲೆ ಕಳ್ಳತನದ ಆರೋಪ ಹೊರಿಸಿದರು. ‘ಆ್ಯಟ್’ ಬಂದರೆ ನುಗ್ಗುವುದು: ‘ದ ಬುಲ್ ಚಾರ್ಜ್ಡ್ ಆ್ಯಟ್ ಹಿಮ್’, ಗೂಳಿ ಅವನ ಮೇಲೆ ಏರಿ ಬಂತು.

ಹೆಚ್ಚಿನವರು ಎಡವುವುದು ‘ಚಾರ್ಜ್ಡ್ ಆಫ್ ಥೆಫ್ಟ್’ ಎಂದು ಬರೆದು. ‘ಅಕ್ಯೂಸ್’ ಕ್ರಿಯಾಪದಕ್ಕೆ ‘ಆಫ್’ ಬೇಕು, ಆ ಅಭ್ಯಾಸ ಇಲ್ಲಿಗೂ ಬಂದುಬಿಡುತ್ತದೆ. ಆದರೆ ಚಾರ್ಜ್ ನಾಮಪದವಾದಾಗ ‘ಆಫ್’ ಸರಿ: ‘ಅರೆಸ್ಟೆಡ್ ಆನ್ ಅ ಚಾರ್ಜ್ ಆಫ್ ಥೆಫ್ಟ್’. ಅರ್ಥದಲ್ಲೂ ವ್ಯತ್ಯಾಸ ಉಂಟು. ಯಾರು ಯಾರನ್ನು ಬೇಕಾದರೂ ‘ಅಕ್ಯೂಸ್’ ಮಾಡಬಹುದು. ಅಪರಾಧದ ಸುದ್ದಿಯಲ್ಲಿ ‘ಚಾರ್ಜ್ಡ್ ವಿತ್’ ಬಂದರೆ ಅದು ಕಾನೂನಿನ ಪ್ರಕಾರ ಅಧಿಕೃತವಾಗಿ ಹೊರಿಸಿದ ಆರೋಪ. ಈ ಅರ್ಥದ ನಾಮಪದ ಸಾಮಾನ್ಯವಾಗಿ ಬಹುವಚನದಲ್ಲಿ ಓಡಾಡುತ್ತದೆ, ಜೊತೆಗಾರ ಕ್ರಿಯಾಪದಗಳೂ ನಿಗದಿಯಾಗಿವೆ: ದೂರು ಕೊಟ್ಟು ಮುಂದುವರಿಸಿದರೆ ‘ಪ್ರೆಸ್ ಚಾರ್ಜಸ್’, ಎದುರಿಸಿದರೆ ‘ಫೇಸ್ ಚಾರ್ಜಸ್’, ಕೈಬಿಟ್ಟರೆ ‘ಡ್ರಾಪ್ ಚಾರ್ಜಸ್’. ‘ಲೀವ್ ಚಾರ್ಜಸ್’ ಎಂದು ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ಅರ್ಥಗಳಿಗೆ ಬೇರು ಒಂದೇ. ಲ್ಯಾಟಿನ್ನಿನಲ್ಲಿ ಬಂಡಿಯನ್ನು ಸೂಚಿಸುವ ಪದದಿಂದ ಹುಟ್ಟಿ, ಫ್ರೆಂಚಿನಲ್ಲಿ ‘ಹೇರು’ ಎಂಬ ಅರ್ಥ ಪಡೆದು ಇಂಗ್ಲಿಷಿಗೆ ಬಂದ ಪದ ಇದು. ‘ಕಾರ್’, ‘ಕಾರ್ಗೊ’ ಇದರ ಬಳಗದವೇ. ಕನ್ನಡದ ‘ಹೊರಿಸು’ ನೆನಪಿಸಿಕೊಳ್ಳಿ: ಮೂಟೆ ಹೊರಿಸುತ್ತೇವೆ, ಹೊಣೆ ಹೊರಿಸುತ್ತೇವೆ, ಆರೋಪವನ್ನೂ ಹೊರಿಸುತ್ತೇವೆ. ಶುಲ್ಕವನ್ನು ಮಾತ್ರ ವಿಧಿಸುತ್ತೇವೆ.

ಪ್ರಶ್ನೆ: ‘ಇನ್ ಚಾರ್ಜ್ ಆಫ್’, ‘ಇನ್ ದ ಚಾರ್ಜ್ ಆಫ್’ ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ, ಒಂದು ‘ದ’ ಸೇರಿದರೆ ವಾಕ್ಯ ತಿರುಗಿಬಿಡುತ್ತದೆ. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಎಂದರೆ ಮಗುವಿನ ಹೊಣೆ ನರ್ಸಿನದು. ‘ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಎಂದರೂ ಹೊಣೆ ನರ್ಸಿನದೇ. ಎರಡನೆಯದರಲ್ಲಿ ‘ದ’ ಬಿಟ್ಟರೆ ಮಗುವೇ ನರ್ಸನ್ನು ನೋಡಿಕೊಂಡಂತಾಗುತ್ತದೆ! ಹೊಣೆ ವಹಿಸಿಕೊಳ್ಳುವುದಕ್ಕೆ ‘ಟೇಕ್ ಚಾರ್ಜ್’. ಅಲ್ಲಿ ‘ದ’ ಬೇಡ. ನಾವು ‘ಅವರು ಇಲ್ಲಿನ ಇನ್‌ಚಾರ್ಜ್’ ಎನ್ನುತ್ತೇವೆ, ಮಾತಿಗೆ ಅಡ್ಡಿಯಿಲ್ಲ. ಹೊರದೇಶದವರು ಓದುವ ಪತ್ರದಲ್ಲಾದರೆ ‘ದ ಪರ್ಸನ್ ಇನ್ ಚಾರ್ಜ್’ ಎಂದೇ ಬರೆಯಿರಿ.

ಪ್ರಶ್ನೆ: ‘ದಿಸ್ ಶರ್ಟ್ ಚಾರ್ಜಸ್ ಫೈವ್ ಹಂಡ್ರೆಡ್’ ಸರಿಯೇ?

ಉತ್ತರ: ತಪ್ಪು. ಚಾರ್ಜ್ ಮಾಡುವುದು ವ್ಯಕ್ತಿ ಅಥವಾ ಸಂಸ್ಥೆ, ವಸ್ತುವಿಗೆ ‘ಕಾಸ್ಟ್ಸ್’. ಪ್ರಯಾಣದ ದರಕ್ಕೆ ‘ಫೇರ್’, ವಕೀಲರಿಗೆ ಕೊಡುವುದು ‘ಫೀ’. ಉಚಿತ ಎನ್ನಲು ‘ಫ್ರೀ ಆಫ್ ಚಾರ್ಜ್’, ಏಕವಚನದಲ್ಲೇ. ಇನ್ನು ಹಳೆಯ ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ ‘ಇಟ್ ಡಸಂಟ್ ಹೋಲ್ಡ್ ಇಟ್ಸ್ ಚಾರ್ಜ್’ ಎನ್ನಿ. ಅಲ್ಲಿ ‘ಕೀಪ್’ಗಿಂತ ‘ಹೋಲ್ಡ್’ ರೂಢಿ.