ಖಾಲಿ ಮಾಡಿ ಹೋದ ಬಾಡಿಗೆದಾರರ ಸಾಲಕ್ಕೆ ಮನೆ ಮಾಲೀಕರು ಹೊಣೆಯೇ?

ಅಲ್ಲ. ಅವರ ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ, ಫೋನ್ ಬಿಲ್ಲು ಯಾವುದನ್ನೂ ನೀವು ತೀರಿಸಬೇಕಿಲ್ಲ. ನೀವೇ ಜಾಮೀನು ನಿಂತಿದ್ದರೆ ಮಾತ್ರ ವಿಷಯ ಬೇರೆ.

ಸಾಲ ಅನ್ನುವುದು ಕೊಟ್ಟವರಿಗೂ ಸಹಿ ಹಾಕಿ ಪಡೆದವರಿಗೂ ನಡುವಿನ ಒಪ್ಪಂದ. ಅದರಲ್ಲಿರುವ ವಿಳಾಸ ಪತ್ರ ಕಳಿಸುವುದಕ್ಕಷ್ಟೇ. ವಸೂಲಿಗೆ ಬಂದವರು ಎಷ್ಟೇ ಜೋರು ಮಾಡಿದರೂ ಸಾಲಗಾರರು ಬಾಡಿಗೆಗಿದ್ದ ಮನೆಗೆ ಆ ಸಾಲ ಅಂಟುವುದಿಲ್ಲ.

ಬರುವ ಪತ್ರಗಳನ್ನು ಒಡೆಯಬೇಡಿ. 'ಈ ವ್ಯಕ್ತಿ ಇಲ್ಲಿ ವಾಸವಿಲ್ಲ' ಎಂದು ಬರೆದು ವಾಪಸ್ ಕಳಿಸಿ. ಮತ್ತೆ ಮತ್ತೆ ಬಂದರೆ, ಅವರು ಮನೆ ಬಿಟ್ಟ ದಿನಾಂಕವನ್ನು ಸಾಲ ಕೊಟ್ಟ ಸಂಸ್ಥೆಗೆ ಬರಹದಲ್ಲೇ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಾಟ ತಪ್ಪಲಿ ಅಂತ ಸ್ವಲ್ಪ ದುಡ್ಡು ಕೊಡುವುದಂತೂ ಬೇಡವೇ ಬೇಡ.

ನಿಜಕ್ಕೂ ಎಚ್ಚರ ಬೇಕಾದ್ದು ಕರೆಂಟು, ನೀರಿನ ಬಿಲ್ಲಿನ ವಿಷಯದಲ್ಲಿ. ಸಂಪರ್ಕ ನಿಮ್ಮ ಹೆಸರಲ್ಲಿದ್ದರೆ ಅಲ್ಲಿ ಒಪ್ಪಂದ ಮಾಡಿಕೊಂಡವರು ನೀವೇ. ಬಳಸಿದ್ದು ಯಾರೇ ಆಗಿರಲಿ, ಬಾಕಿಯನ್ನು ನಿಮ್ಮಿಂದಲೇ ಕೇಳುತ್ತಾರೆ. ಹಾಗಾಗಿ ಬಾಡಿಗೆದಾರರು ಹೊರಡುವ ದಿನ ಇಬ್ಬರೂ ನಿಂತು ಮೀಟರ್ ನೋಡಿ ಬರೆದುಕೊಳ್ಳಿ. ಬಾಕಿಯನ್ನು ಮುಂಗಡದಲ್ಲಿ ಹಿಡಿದುಕೊಳ್ಳಬಹುದೆಂದು ಕರಾರುಪತ್ರದಲ್ಲಿ ಮೊದಲೇ ಬರೆಸಿದ್ದರೆ ಜಗಳಕ್ಕೆ ಆಸ್ಪದವಿರುವುದಿಲ್ಲ.