ಪಿ0302 ಕೋಡ್: ಮೊದಲು ಕಾಯಿಲ್ ಅದಲುಬದಲು ಮಾಡಿ

ಗಾಡಿಯ ಕಂಪ್ಯೂಟರ್ ಪಿ0302 ಎಂಬ ದೋಷದ ಕೋಡ್ ತೋರಿಸುತ್ತಿದೆ, ಗ್ಯಾರೇಜಿನವರು ನಾಲ್ಕೂ ಕಾಯಿಲ್ ಬದಲಿಸಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಭಾಗ) ಹೋಗಿರುವ ಸಾಧ್ಯತೆಯೇ ಜಾಸ್ತಿ. ಪಿ0302 ಅಂದರೆ ಆ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಮಳೆಯಲ್ಲಿ ಪುಣೆ-ಸತಾರಾ ದಾರಿಯ ಖಂಬಾಟ್ಕಿ ಘಾಟ್ ಹತ್ತುವಾಗ ಮಾತ್ರ ಗಾಡಿ ಜರ್ಕ್ ಹೊಡೆಯುತ್ತದೆ ಎಂದಿದ್ದೀರಿ ಅಲ್ವಾ? ಲೋಡ್ ಬಿದ್ದಾಗ ಸ್ಪಾರ್ಕಿಗೆ ಜಾಸ್ತಿ ವೋಲ್ಟೇಜ್ ಬೇಕು. ಬಿರುಕು ಬಿಟ್ಟ ಕಾಯಿಲಿಗೆ ಮಳೆಯ ತೇವವೂ ತಾಗಿದರೆ ಅಲ್ಲೇ ಕೈಕೊಡುತ್ತದೆ. ನನಗೂ ನಾಲ್ಕೂ ಕಾಯಿಲ್ ಬದಲಿಸಿ ಎಂದಿದ್ದರು, ಹೋಗಿದ್ದು ಒಂದೇ.

ಸುಮ್ನೆ ದುಡ್ಡು ಸುರಿಯಬೇಡಿ. ಇಂಜಿನ್ ತಣ್ಣಗಾದ ಮೇಲೆ ಎರಡನೇ ಮತ್ತು ಮೂರನೇ ಕಾಯಿಲ್ ಅದಲುಬದಲು ಮಾಡಿ. ಕೋಡ್ ಅಳಿಸಿ, ಮನೆ ಹತ್ತಿರದ ಏರಿನಲ್ಲಿ ಓಡಿಸಿ. ಪಿ0303, ಅಂದರೆ ಮೂರನೇ ಸಿಲಿಂಡರಿನ ಮಿಸ್‌ಫೈರ್ ಬಂದರೆ, ದೋಷ ಕಾಯಿಲ್ ಜೊತೆಗೇ ಹೋಯಿತು ಎಂದರ್ಥ; ಈಗ ಮೂರನೇ ಸಿಲಿಂಡರಿನಲ್ಲಿರುವ ಆ ಕಾಯಿಲ್ ಒಂದನ್ನೇ ಬದಲಿಸಿ. ಪುಣೆಯ ನಾನಾ ಪೇಠೆಯಲ್ಲಿ ಸಿಗುತ್ತದೆ, ನಕಲಿ ಮಾಲು ಹುಷಾರು.

ಪಿ0302 ಹಾಗೇ ಉಳಿದರೆ ಎರಡನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬದಲಿಸಿ ನೋಡಿ. ಅದು ಕೂರುವ ಗುಂಡಿಯಲ್ಲಿ ನೀರು, ಆಯಿಲ್ ನಿಂತಿದ್ದರೆ ಬಿಚ್ಚುವ ಮೊದಲೇ ಒರೆಸಿ, ಇಲ್ಲದಿದ್ದರೆ ಸಿಲಿಂಡರಿಗೆ ಇಳಿಯುತ್ತದೆ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಅದಕ್ಕೂ ಸರಿಹೋಗದಿದ್ದರೆ ಇಂಜೆಕ್ಟರಿನದೋ (ಪೆಟ್ರೋಲ್ ಸಿಂಪಡಿಸುವ ಭಾಗ) ಕಂಪ್ರೆಷನ್ನಿನದೋ (ಸಿಲಿಂಡರಿನೊಳಗಿನ ಒತ್ತಡ) ತೊಂದರೆ ಇರಬಹುದು. ಗೇಜ್ ಹಾಕಿ ನೋಡದೆ ಯಾವುದೆಂದು ಹೇಳಲಾಗದು, ಮೆಕ್ಯಾನಿಕ್ ಹತ್ತಿರ ಹೋಗಿ.

ಚೆಕ್ ಇಂಜಿನ್ ಲೈಟ್ ಮಿಟುಕಲು ಶುರುವಾದರೆ ದಯವಿಟ್ಟು ಆಕ್ಸಿಲರೇಟರ್ ಬಿಡಿ. ಸುಡದ ಪೆಟ್ರೋಲ್ ಹೋಗಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಹಾಳುಮಾಡುತ್ತದೆ. ಕಾಯಿಲಿಗಿಂತ ಅದರ ಬೆಲೆ ಎಷ್ಟೋ ಪಟ್ಟು ಜಾಸ್ತಿ.